ಮಣಿಕಟ್ಟಿನ ಲೆಕ್ಕಕ್ಕೆ ಓದುವವರು ಬೇಕು

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆ ಕಣ್ಣಿಗೆ ಕಾಣುವ ಕಾಯಿಲೆಗಳ ಕಾಲದ್ದು. ಆಗ ಗಾಯವಾದರೆ ಕಾಣುತ್ತಿತ್ತು, ಜ್ವರ ಬಂದರೆ ಮೈ ಸುಡುತ್ತಿತ್ತು, ಕೆಮ್ಮು ಹತ್ತಿದರೆ ಮನೆಮಂದಿಗೆಲ್ಲ ಕೇಳುತ್ತಿತ್ತು. ಈಗ ನಮ್ಮ ನಡುವೆ ಹೆಚ್ಚು ಜೀವ ತೆಗೆಯುತ್ತಿರುವ ಕಾಯಿಲೆಗಳು ಹೀಗೆ ಹೇಳಿ ಬರುವುದಿಲ್ಲ. ರಕ್ತದೊತ್ತಡ ಏರಿದ್ದು ಮೈಗೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೇ ಇರುತ್ತದೆ. ಹೃದಯದ ಬಡಿತ ತಾಳ ತಪ್ಪಿದ್ದು ಎಷ್ಟೋ ಜನರಿಗೆ ಗೊತ್ತಾಗುವುದು ಪಾರ್ಶ್ವವಾಯು ಹೊಡೆದ ಮೇಲೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ, ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇವು ಬೆನ್ನ ಮೇಲಿನ ಹುಣ್ಣುಗಳು, ಇವನ್ನು ನೋಡಿಕೊಳ್ಳಲು ಕನ್ನಡಿ ಬೇಕೇ ಬೇಕು. ಜನ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಹೆಜ್ಜೆ, ನಾಡಿಬಡಿತ, ನಿದ್ದೆಗಳ ಲೆಕ್ಕ ಇಡತೊಡಗಿರುವುದನ್ನು ಶೋಕಿ ಎಂದು ತಳ್ಳಿಹಾಕುವ ಮೊದಲು ಅದರ ಹಿಂದಿರುವ ಈ ಅಗತ್ಯವನ್ನು ನೋಡಬೇಕು. ಜನ ಹುಡುಕುತ್ತಿರುವುದು ಒಂದು ಕನ್ನಡಿಯನ್ನು. ಆ ಕನ್ನಡಿಯಲ್ಲಿ ಕಂಡದ್ದೇನೆಂದು ತಿಳಿಸಿ ಹೇಳುವ ಮನುಷ್ಯರನ್ನು ನಾವು ಇನ್ನೂ ಒದಗಿಸಿಲ್ಲ ಎಂಬುದು ನನ್ನ ವಾದ.

ಇದನ್ನು ಬೆಂಗಳೂರಿನ ಜಿಮ್ಮುಗಳಲ್ಲಿ ನಿಂತು ನೋಡುವುದಕ್ಕಿಂತ ಚಿತ್ರದುರ್ಗ ಜಿಲ್ಲೆಯ ಹೆದ್ದಾರಿ ಬದಿಯಲ್ಲಿ ನಿಂತು ನೋಡುವುದು ಒಳ್ಳೆಯದು. ಹಿರಿಯೂರು ಮತ್ತು ಶಿರಾ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿರುವ ಜವನಗೊಂಡನಹಳ್ಳಿ, ಜನರ ಬಾಯಲ್ಲಿ ಜೆ.ಜಿ. ಹಳ್ಳಿ, ಹಿರಿಯೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರು–ಪುಣೆ ನಡುವಿನ ಲಾರಿ, ಬಸ್ಸುಗಳೆಲ್ಲ ಹಗಲೂ ರಾತ್ರಿ ಇಲ್ಲೇ ಹಾದುಹೋಗುತ್ತವೆ. ಸುತ್ತಲಿನ ಊರುಗಳ ಬದುಕು ಮಳೆಯನ್ನು, ಕೊಳವೆಬಾವಿಯನ್ನು ನಂಬಿದ್ದು. ಇಲ್ಲಿನವರಿಗೆ ದೊಡ್ಡ ಪರೀಕ್ಷೆ ಎಂದರೆ ಹಿರಿಯೂರಿನ ತಾಲ್ಲೂಕು ಆಸ್ಪತ್ರೆ, ಅದನ್ನು ಮೀರಿದರೆ ಚಿತ್ರದುರ್ಗ, ಇನ್ನೂ ಮೀರಿದರೆ ಬೆಂಗಳೂರು. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿವೆ, ಮಧ್ಯ ಕರ್ನಾಟಕದ ಈ ಬಯಲುಸೀಮೆಯಲ್ಲಿ ಇಲ್ಲ. ಕೂಲಿ ಬಿಟ್ಟು, ಬಸ್ಸು ಹಿಡಿದು, ಸರತಿಯಲ್ಲಿ ನಿಂತು ‘ಏನೂ ಆಗಿಲ್ಲ, ಸುಮ್ಮನೆ ನೋಡಿ’ ಎಂದು ವೈದ್ಯರ ಮುಂದೆ ಕೂರುವುದು ಇಲ್ಲಿನ ರೂಢಿಯಲ್ಲಿಲ್ಲ. ನೋವು ಬಂದ ಮೇಲೆ ಆಸ್ಪತ್ರೆ, ಅದಕ್ಕೂ ಮೊದಲು ದುಡಿಮೆ. ಇಂಥ ಕಡೆ ಒಂದೂವರೆ ಎರಡು ಸಾವಿರ ರೂಪಾಯಿಗೆ ಸಿಗುವ, ಮೈಬಿಟ್ಟು ಇಳಿಯದೆ ದಿನವಿಡೀ ಲೆಕ್ಕ ಇಡುವ ವಸ್ತುವೊಂದು ಮೊಬೈಲ್ ಅಂಗಡಿಗೆ ಬಂದಾಗ ಜನ ಅದನ್ನು ಕೊಂಡರೆ ಆಶ್ಚರ್ಯವೇನಿಲ್ಲ. ವೈದ್ಯರು ದೂರವಿದ್ದಷ್ಟೂ ಅಳತೆಯ ಆಸೆ ಹೆಚ್ಚುತ್ತದೆ.

ಈ ಆಸೆಯನ್ನು ಬಿತ್ತಿದ್ದು ಜಾಹೀರಾತು ಮಾತ್ರವೇ ಆಗಿದ್ದರೆ ಅದು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಶಾ ಕಾರ್ಯಕರ್ತೆಯರು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಿಡಿದು ಮನೆಮನೆಗೆ ಬಂದರು. ‘ಸ್ಯಾಚುರೇಷನ್ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗಿ’ ಎಂಬ ಮಾತು ಶಾಲೆಯ ಮೆಟ್ಟಿಲು ಹತ್ತದವರ ಬಾಯಿಗೂ ಬಂತು. ದೇಹದೊಳಗಿನ ಸಂಗತಿಯೊಂದನ್ನು ಮನೆಯಲ್ಲೇ ಅಂಕಿಯಾಗಿ ಓದಬಹುದು, ಆ ಅಂಕಿ ಜೀವ ಉಳಿಸಬಹುದು ಎಂಬುದನ್ನು ಹಳ್ಳಿಗಳು ಕಲಿತದ್ದು ಆಗ. ಅದೇ ವರ್ಷದ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ದೇಹವನ್ನು ಅಷ್ಟು ಶಿಸ್ತಿನಿಂದ ಕಾಪಾಡಿಕೊಂಡವರಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಪ್ರಶ್ನೆ ಕನ್ನಡನಾಡಿನ ಮನೆಮನೆಯಲ್ಲಿ ಎದ್ದಿತು. 2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯಿಂದ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಹಠಾತ್ ಸಾವುಗಳ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರೂ ಇದ್ದರು. ಹೆದ್ದಾರಿ ಬದಿಯ ಊರುಗಳಿಗೆ ಈ ಸಂಗತಿ ಬೇರೆಯವರಿಗಿಂತ ಹೆಚ್ಚು ತಟ್ಟುವಂಥದ್ದು. ಭಯ ಒಳ್ಳೆಯ ಗುರುವೇನೂ ಅಲ್ಲ. ಆದರೂ ತಪಾಸಣೆಯ ಮಾತನ್ನೇ ಎತ್ತದ ಸಮಾಜವೊಂದು ಅದರಿಂದಾಗಿ ತನ್ನ ಎದೆಬಡಿತದ ಕಡೆ ಕಿವಿಗೊಟ್ಟಿದೆ.

ಹಾಗಾದರೆ ಬಿ.ಪಿ. ಮಷೀನನ್ನೇ ಏಕೆ ಕೊಳ್ಳಲಿಲ್ಲ, ವಾಚನ್ನೇ ಏಕೆ ಎಂದು ಕೇಳಬಹುದು. ಉತ್ತರ ನಮ್ಮ ನಡವಳಿಕೆಯಲ್ಲಿದೆ. ಬಿ.ಪಿ. ಮಷೀನು ಮನೆಗೆ ಬಂದರೆ ಕಾಯಿಲೆ ಮನೆಗೆ ಬಂದಂತೆ, ನೆರೆಹೊರೆಯವರು ‘ಏನಾಯ್ತು’ ಎಂದು ಕೇಳುತ್ತಾರೆ. ಕೈಗಡಿಯಾರಕ್ಕೆ ಆ ಕಳಂಕವಿಲ್ಲ. ಎಚ್ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಮೇಲೆ, ಮುಂದೆ ಇದೇ ಹೆದ್ದಾರಿಯ ತುಮಕೂರಿನಲ್ಲೂ ಕಾರ್ಖಾನೆ ತೆರೆದ ಮೇಲೆ, ವಾಚು ಎಂಬುದು ಈ ನಾಡಿನಲ್ಲಿ ಮದುವೆಯ ಉಡುಗೊರೆಯಾಯಿತು, ಪಾಸಾದ ಮಗನಿಗೆ ಅಪ್ಪ ಕೊಡುವ ಬಹುಮಾನವಾಯಿತು, ನಿವೃತ್ತಿಯ ದಿನದ ಗೌರವವಾಯಿತು. ಆರೋಗ್ಯದ ಅಳತೆ ಈ ಗೌರವದ ವಸ್ತುವಿನೊಳಗೆ ಸೇರಿಕೊಂಡು ಬಂದಾಗ ಅದನ್ನು ಕಟ್ಟಿಕೊಳ್ಳಲು ಯಾರೂ ‘ನಾನು ರೋಗಿ’ ಎಂದು ಒಪ್ಪಿಕೊಳ್ಳಬೇಕಾಗಲಿಲ್ಲ. ದೂರದಲ್ಲಿರುವ ಮಗ ಅಪ್ಪನಿಗೆ ಕೊಟ್ಟರೆ ಅದು ಚಿಕಿತ್ಸೆಯ ಸಾಮಾನಾಗದೆ ಪ್ರೀತಿಯ ಕೊಡುಗೆಯಾಗಿಯೇ ಉಳಿಯುತ್ತದೆ. ಬೆಲೆ ಇಳಿದದ್ದೂ ಇದಕ್ಕೆ ಕೂಡಿಬಂತು. 2022ರಲ್ಲಿ ಭಾರತ ಜಗತ್ತಿನಲ್ಲೇ ಅತಿ ದೊಡ್ಡ ಸ್ಮಾರ್ಟ್‌ವಾಚ್ ಮಾರುಕಟ್ಟೆಯಾಗಿ ಬೆಳೆದದ್ದು ಮುಖ್ಯವಾಗಿ ಅಗ್ಗದ ದೇಶಿ ಬ್ರ್ಯಾಂಡ್‌ಗಳಿಂದ. 2024ರಲ್ಲಿ ಆ ಮಾರಾಟ ಗಣನೀಯವಾಗಿ ಕುಸಿಯಿತು. ಇದು ಬಂದುಹೋಗುವ ಗೀಳು ಎನ್ನುವವರು ಈ ಕುಸಿತವನ್ನು ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ಅಂಕಿ ಕೊಟ್ಟ ವಸ್ತು ಅರ್ಥ ಕೊಡಲಿಲ್ಲ. ಅರ್ಥವಾಗದ ಲೆಕ್ಕವನ್ನು ಯಾರೂ ಬಹುಕಾಲ ಇಟ್ಟುಕೊಳ್ಳುವುದಿಲ್ಲ.

ಇನ್ನು ಈ ವಾಚಿನಿಂದ ನಿಜವಾಗಿ ಉಪಯೋಗವಿದೆಯೇ? ಇದೆ, ಮಿತಿಯಲ್ಲಿ. 2022ರಲ್ಲಿ ‘ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ, 1.6 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಇಂಥ ಸಾಧನ ಧರಿಸಿದವರು ದಿನಕ್ಕೆ ಸರಾಸರಿ 1,800 ಹೆಜ್ಜೆ ಹೆಚ್ಚು ನಡೆದರು, ತೂಕ ಸುಮಾರು ಒಂದು ಕೆ.ಜಿ. ಇಳಿಯಿತು. ಕೇಳಲು ಸಣ್ಣದೆನಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪಾಲ್ಗೊಂಡು 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೈಗೆ ಬೇಕಾದಷ್ಟು ಚಟುವಟಿಕೆಯೇ ಇಲ್ಲದವರು. ಅವರಿಗೆ ಈ ಸಣ್ಣ ಹೆಚ್ಚಳ ದೊಡ್ಡದು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಯಾವ ವೈದ್ಯಶಾಸ್ತ್ರದಿಂದಲೂ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತ್ತು. ಆ ಹೆಸರೇ ಗುರಿಯಾಗಿ ಉಳಿಯಿತು. 2025ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ನಲ್ಲಿ ಬಂದ ವಿಶ್ಲೇಷಣೆ, ದಿನಕ್ಕೆ 2,000 ಹೆಜ್ಜೆ ಇಡುವವರಿಗೆ ಹೋಲಿಸಿದರೆ 7,000 ಹೆಜ್ಜೆ ಇಡುವವರಲ್ಲಿ ಸಾವಿನ ಅಪಾಯ ಶೇ 47ರಷ್ಟು ಕಡಿಮೆ ಎಂದಿದೆ. ಹತ್ತು ಸಾವಿರ ಮುಟ್ಟಲಾಗದೆ ಕೈಚೆಲ್ಲಿದವರಿಗೆ ಯಾರಾದರೂ ಇದನ್ನು ಹೇಳಬೇಕಿತ್ತು. ವಾಚು ಅದನ್ನು ಹೇಳಲಿಲ್ಲ.

ವಾಚಿನ ಉಪಯೋಗಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ ತೂಕ ಇಳಿಸಬೇಕಿದ್ದ 471 ಯುವಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತಮ್ಮ ಊಟ, ವ್ಯಾಯಾಮಗಳ ಲೆಕ್ಕವನ್ನು ತಾವೇ ದಾಖಲಿಸಿಕೊಂಡವರ ತೂಕ ಸರಾಸರಿ 5.9 ಕೆ.ಜಿ. ಇಳಿದರೆ, ಸಾಧನ ಧರಿಸಿದವರ ತೂಕ ಇಳಿದದ್ದು 3.5 ಕೆ.ಜಿ. ಮಾತ್ರ. ವಾಚು ವ್ಯರ್ಥ ಎನ್ನಲು ಇದನ್ನು ಬಳಸುವವರಿದ್ದಾರೆ. ಈ ಪ್ರಯೋಗದಿಂದ ನಾನು ಕಲಿಯುವ ಪಾಠ ಇಷ್ಟು: ಲೆಕ್ಕ ಇಡುವ ಕೆಲಸವನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಿದರೆ ಎಚ್ಚರವನ್ನೂ ಒಪ್ಪಿಸಿಬಿಡುವ ಅಪಾಯವಿದೆ. ದಿನವೂ ಕೈಯಾರೆ ಬರೆದುಕೊಳ್ಳುವವನು ಬರೆಯುವಾಗ ಒಂದು ಗಳಿಗೆ ಯೋಚಿಸುತ್ತಾನೆ. ಮಣಿಕಟ್ಟಿನಲ್ಲಿ ಎಲ್ಲ ತಾನಾಗಿ ದಾಖಲಾಗುತ್ತಿದ್ದರೆ ‘ಅದು ನೋಡಿಕೊಳ್ಳುತ್ತೆ’ ಎಂಬ ನಿರಾಳ ಬರುತ್ತದೆ. ಕಟ್ಟಿಕೊಂಡರೆ ಸಾಲದು, ವಾರಕ್ಕೊಮ್ಮೆಯಾದರೂ ಕುಳಿತು ಓದಬೇಕು, ಓದಿದ್ದನ್ನು ಒಬ್ಬರ ಜೊತೆ ಮಾತಾಡಬೇಕು.

ಅಳತೆ ಸರಿಯಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ದನಿಯ ಆಕ್ಷೇಪ. ಅದರಲ್ಲಿ ಸತ್ಯವಿದೆ, ಆದರೆ ಎಲ್ಲ ಅಳತೆಗಳೂ ಒಂದೇ ಸಮನೆ ತಪ್ಪುವುದಿಲ್ಲ. ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಗ್ರಹಿಸಿ ನಾಡಿಬಡಿತ ಎಣಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2017ರಲ್ಲಿ ಪರೀಕ್ಷಿಸಿದ ಏಳು ಸಾಧನಗಳಲ್ಲಿ ಆರು ನಾಡಿಬಡಿತವನ್ನು ಶೇ 5ಕ್ಕಿಂತ ಕಡಿಮೆ ದೋಷದೊಂದಿಗೆ ಹೇಳಿದವು. ಅದೇ ಸಾಧನಗಳು ಸುಟ್ಟ ಕ್ಯಾಲೊರಿಯ ಲೆಕ್ಕದಲ್ಲಿ ಮುಗ್ಗರಿಸಿದವು, ಎಲ್ಲಕ್ಕಿಂತ ಒಳ್ಳೆಯದೂ ಶೇ 27ರಷ್ಟು ತಪ್ಪಿತು. ಬೆರಳು ಚುಚ್ಚದೆ ಸಕ್ಕರೆ ಪ್ರಮಾಣ ಹೇಳುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ನೇರವಾಗಿ ಎಚ್ಚರಿಸಿತು. ಅದನ್ನು ನಂಬಿ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಜೀವಕ್ಕೇ ಅಪಾಯ. ತೋಳಿಗೆ ಪಟ್ಟಿ ಸುತ್ತದೆ ರಕ್ತದೊತ್ತಡ ಹೇಳುವ ಅಗ್ಗದ ವಾಚುಗಳ ಅಂಕಿಯನ್ನು ಔಷಧಿಗೆ ಆಧಾರ ಮಾಡಿಕೊಳ್ಳುವುದೂ ಸಲ್ಲ. ಉಳಿದವುಗಳ ವಿಷಯದಲ್ಲಿ ಹಿರಿಯೂರು ಸೀಮೆಯವರಿಗೆ ತಿಳಿದಿರುವ ಒಂದು ಉದಾಹರಣೆ ಸಾಕು. ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು ಅಲ್ಲಿನ ರೈತರು ಅಡಿಯ ಲೆಕ್ಕದಲ್ಲಿ ದಿನವೂ ಗಮನಿಸುತ್ತಾರೆ. 130 ಅಡಿ ಮುಟ್ಟಿ 2022ರಲ್ಲಿ, 1933ರ ನಂತರ ಮೊದಲ ಬಾರಿಗೆ, ಕೋಡಿ ಬಿದ್ದಾಗ ಇಡೀ ಸೀಮೆ ಬಾಗಿನ ಹಿಡಿದು ಸಂಭ್ರಮಿಸಿತು. ಒಂದು ದಿನದ ಅಂಕಿ ಅವರಿಗೆ ಹೆಚ್ಚೇನೂ ಹೇಳುವುದಿಲ್ಲ, ವಾರ, ತಿಂಗಳುಗಳ ಏರಿಳಿತ ಎಲ್ಲವನ್ನೂ ಹೇಳುತ್ತದೆ. ದೇಹದ ಲೆಕ್ಕವೂ ಹಾಗೆಯೇ. ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ ಮೂರು ವಾರದಿಂದ ಏರುತ್ತಲೇ ಇದ್ದರೆ, ನಿದ್ದೆ ದಿನೇ ದಿನೇ ಕುಗ್ಗುತ್ತಿದ್ದರೆ, ಅಳತೆ ಒಂದೆರಡು ಅಂಕಿ ಆಚೀಚೆ ಇದ್ದರೂ ಆ ದಿಕ್ಕು ಸುಳ್ಳಾಗುವುದು ಕಷ್ಟ.

ಮತ್ತೊಂದು ಆಕ್ಷೇಪ, ಇದು ಇಲ್ಲದ ಭಯ ಹುಟ್ಟಿಸುತ್ತದೆ ಎಂಬುದು. ಈ ವಿಷಯದಲ್ಲಿ ದೊಡ್ಡ ಪ್ರಮಾಣದ ಸಾಕ್ಷ್ಯವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಆ್ಯಪಲ್ ವಾಚ್ ಧರಿಸಿದ್ದ 4.19 ಲಕ್ಷ ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ನಿಮ್ಮ ಬಡಿತ ತಾಳ ತಪ್ಪಿದೆ’ ಎಂಬ ಸೂಚನೆ ಬಂದದ್ದು ಶೇ 0.52ರಷ್ಟು ಮಂದಿಗೆ ಮಾತ್ರ. ಅವರ ಪೈಕಿ ಮುಂದೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು, ಅದನ್ನು ತಪಾಸಣೆಗೆ ಮರಳಿಸಿದವರಲ್ಲಿ ಶೇ 34ರಷ್ಟು ಜನರಿಗೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ದೋಷ ಪತ್ತೆಯಾಯಿತು. ಪಾರ್ಶ್ವವಾಯುವಿಗೆ ದಾರಿ ಮಾಡುವ ದೋಷವದು. ಅಂದರೆ ವಾಚು ಎಲ್ಲರನ್ನೂ ಹೆದರಿಸಲಿಲ್ಲ, ಹೆದರಿಸಿದವರಲ್ಲಿ ಒಂದು ಭಾಗಕ್ಕೆ ನಿಜವಾದ ಕಾರಣವಿತ್ತು. ನನ್ನನ್ನು ಹೆಚ್ಚು ಕಾಡುವುದು ಇದರ ಎದುರು ತುದಿಯ ಅಪಾಯ, ಸುಳ್ಳು ಧೈರ್ಯ. ಯಾವ ಸ್ಮಾರ್ಟ್‌ವಾಚೂ ಹೃದಯಾಘಾತವನ್ನು ಪತ್ತೆಹಚ್ಚಲಾರದು. ವಾಚಿನ ಇಸಿಜಿ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ, ಆಸ್ಪತ್ರೆಯದು ಹನ್ನೆರಡು ಕೋನಗಳಿಂದ. ಎದೆ ಹಿಂಡಿದಂತಾಗಿ, ತಣ್ಣನೆ ಬೆವರಿ, ನೋವು ಎಡಗೈಗೋ ದವಡೆಗೋ ಹರಿಯುವಾಗ ವಾಚು ‘ಎಲ್ಲ ಸರಿ’ ಎಂದರೂ ಅದನ್ನು ನಂಬಬಾರದು, 108ಕ್ಕೆ ಕರೆ ಮಾಡಬೇಕು. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ರಕ್ತದ ಹೆಪ್ಪು ಕರಗಿಸುವ ಈ ಔಷಧ ಮೊದಲ ಗಂಟೆಗಳಲ್ಲಿ ಸಿಕ್ಕಷ್ಟೂ ಹೆಚ್ಚು ಫಲ ಕೊಡುತ್ತದೆ. ವಾಚು ನೋಡುತ್ತ ಕಳೆದ ಅರ್ಧ ಗಂಟೆ ಆ ಫಲವನ್ನೇ ಕಸಿಯಬಹುದು.

ಹೊಲದಲ್ಲಿ ದುಡಿಯುವವರಿಗೆ ಹೆಜ್ಜೆಯ ಲೆಕ್ಕವೇಕೆ ಎಂದು ಕೇಳುವವರೂ ಇದ್ದಾರೆ. ಶೇಂಗಾ ಕೀಳುವ, ಈರುಳ್ಳಿ ಕೊಯ್ಯುವ ದಿನಗಳಲ್ಲಿ ಆ ಮಾತು ಸರಿ. ಆದರೆ ದುಡಿಮೆಯ ಸ್ವರೂಪ ಬದಲಾಗಿದೆ. ಉಳುಮೆಗೆ ಟ್ರ್ಯಾಕ್ಟರ್ ಬಂತು, ನೀರಿಗೆ ಹನಿ ನೀರಾವರಿ ಬಂತು, ಪಕ್ಕದ ಊರಿಗೂ ಬೈಕು ಬಂತು. ಮಳೆ ಕೈಕೊಟ್ಟ ವರ್ಷ ದುಡಿಮೆಯೇ ಇರುವುದಿಲ್ಲ. ಮೇಲೆ ಹೇಳಿದ 2023ರ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರ ಪ್ರಮಾಣ ಹಳ್ಳಿಯಲ್ಲೂ ಪೇಟೆಯಲ್ಲೂ ಶೇ 15ರ ಆಸುಪಾಸಿನಲ್ಲೇ ಇದೆ. ಹಳ್ಳಿಯ ಮೈ ಗಟ್ಟಿ ಎಂಬ ನಂಬಿಕೆಯ ಮರೆಯಲ್ಲಿ ಕಾಯಿಲೆ ಬೆಳೆಯುತ್ತಿದೆ. ಇಡೀ ರಾತ್ರಿ ಲಾರಿ ಓಡಿಸಿ ಹಗಲು ಮಲಗುವ ಚಾಲಕನ ದೇಹ ಕೇಳುವುದು ಹೆಜ್ಜೆಗಿಂತ ಹೆಚ್ಚಾಗಿ ನಿದ್ದೆಯ ಲೆಕ್ಕ. ಹೆಂಗಸರ ಮಾತು ಇನ್ನೂ ಮುಖ್ಯ. ಮನೆಯಲ್ಲಿ ಸ್ಮಾರ್ಟ್‌ಫೋನು ಒಂದೇ ಇದ್ದರೆ ಅದು ಸಾಮಾನ್ಯವಾಗಿ ಗಂಡಸಿನ ಜೇಬಿನಲ್ಲಿರುತ್ತದೆ, ಫೋನಿಲ್ಲದೆ ವಾಚಿನ ಲೆಕ್ಕ ಪೂರ್ತಿ ತೆರೆಯುವುದಿಲ್ಲ. ಎಲ್ಲರಿಗಿಂತ ಮೊದಲೆದ್ದು ಎಲ್ಲರಿಗಿಂತ ಕೊನೆಗೆ ಮಲಗುವವಳ ನಿದ್ದೆಯ ಲೆಕ್ಕವನ್ನು ಯಾರೂ ಇಡುತ್ತಿಲ್ಲ. ಗಂಡು ಹೆಣ್ಣಿನ ನಡುವೆ ಇದ್ದ ಅಂತರವನ್ನು ವಾಚು ಮುಚ್ಚುತ್ತಿಲ್ಲ, ತೋರಿಸುತ್ತಿದೆ.

ಕಂಪನಿಗಳ ಲಾಭ ಮತ್ತು ನಮ್ಮ ಮಾಹಿತಿಯ ಭದ್ರತೆಯ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ, ಬೇಡಿಕೆ ಮಾತ್ರ ಇದೆ. ಎದೆಬಡಿತ, ನಿದ್ದೆ, ಮುಟ್ಟಿನ ದಿನಗಳು ಮನುಷ್ಯನ ಅತ್ಯಂತ ಖಾಸಗಿ ಸಂಗತಿಗಳು. ಅವು ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಕೂಡಿಬೀಳುತ್ತವೆ, ನಾಳೆ ವಿಮಾ ಕಂತು ನಿಗದಿಯಾಗುವಾಗ ಯಾರ ಕೈಸೇರುತ್ತವೆ ಎಂದು ಕೊಳ್ಳುವವರಿಗೆ ತಿಳಿಯಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಸಾಮಾನ್ಯವಾಗಿ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಬಾರದು ಎನ್ನುತ್ತದೆ. ಓದಲು ಬಾರದ ಭಾಷೆಯ ಪುಟಗಟ್ಟಲೆ ಷರತ್ತುಗಳ ಕೆಳಗೆ ಒತ್ತಿದ ಒಂದು ಗುಂಡಿಯನ್ನು ಒಪ್ಪಿಗೆ ಎಂದು ಕರೆಯಲಾಗದು. 2020ರ ಏಪ್ರಿಲ್‌ನಿಂದ ವೈದ್ಯಕೀಯ ಉಪಕರಣಗಳೆಲ್ಲ ನಮ್ಮ ದೇಶದಲ್ಲಿ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದರೂ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಆರೋಗ್ಯದ ಭರವಸೆ, ಒಳಗೆ ಚಿಕ್ಕಕ್ಷರದಲ್ಲಿ ‘ಇದು ವೈದ್ಯಕೀಯ ಉಪಕರಣವಲ್ಲ’ ಎಂಬ ಸಾಲು ಇಟ್ಟು ಮಾರುವ ಪರಿಪಾಠ ನಡೆದೇ ಇದೆ. ಈ ವಾಚು ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಬರೆಯಿಸಲು ಸರ್ಕಾರಕ್ಕೆ ಅಸಾಧ್ಯವೇನಲ್ಲ. ವಾಚಿನ ಮೇಲೆ ಮೂಡುವ ಎಚ್ಚರಿಕೆಯೂ ಕನ್ನಡದಲ್ಲೇ ಇರಬೇಕು. ಅರ್ಥವಾಗದ ಎಚ್ಚರಿಕೆ ಇದ್ದೂ ಇಲ್ಲದಂತೆ.

ಓದುವ ಮನುಷ್ಯರು ಎಲ್ಲಿಂದ ಬರಬೇಕು? ಹೊಸದಾಗಿ ಹುಡುಕಬೇಕಿಲ್ಲ. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯನ್ನು ಮನೆಬಾಗಿಲಲ್ಲೇ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಆಮೇಲೆ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದೆ. ಆಶಾ ಕಾರ್ಯಕರ್ತೆಯರು ಮನೆಮನೆಯ ಪರಿಚಯ ಉಳ್ಳವರು. ಮನೆಗೆ ಬಂದಾಗ ಬಿ.ಪಿ. ನೋಡುವ ಜೊತೆಗೆ ‘ವಾಚು ಇದ್ದರೆ ತೋರಿಸಿ’ ಎಂದು ಒಂದು ಮಾತು ಕೇಳಲಿ. ತಿಂಗಳ ಸರಾಸರಿ ಹೆಜ್ಜೆ, ವಿಶ್ರಾಂತಿಯ ನಾಡಿಬಡಿತ, ನಿದ್ದೆಯ ಗಂಟೆ, ಈ ಮೂರನ್ನು ಮಾತ್ರ ಬರೆದುಕೊಳ್ಳಲಿ. ಯಾವ ಅಂಕಿಯನ್ನು ಬಿಟ್ಟುಬಿಡಬೇಕು, ಯಾವುದಕ್ಕೆ ಆಸ್ಪತ್ರೆಗೆ ಕಳಿಸಬೇಕು ಎಂದು ಅವರಿಗೆ ಒಂದು ದಿನದ ತರಬೇತಿ ಸಾಕಾಗಬಹುದು. ಆದರೆ ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಗೌರವಧನ ಕೊಡಲೇಬೇಕು, ಈಗಿರುವ ಹೊರೆಯ ಮೇಲೆ ಪುಕ್ಕಟೆಯಾಗಿ ಹೇರಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ವಾಚು ತೋರಿಸಿದವರನ್ನು ಗದರಿ ಕಳಿಸದೆ ಅದನ್ನೇ ಮಾತಿಗೆ ಪೀಠಿಕೆ ಮಾಡಿಕೊಳ್ಳಲಿ, ತೋಳಪಟ್ಟಿಯ ಮಷೀನಿನಲ್ಲಿ ಬಿ.ಪಿ. ಖಚಿತಪಡಿಸಿಕೊಳ್ಳಲಿ. ಹೆದ್ದಾರಿ ಬದಿಯ ಹೋಬಳಿ ಕೇಂದ್ರಗಳಲ್ಲಿ ಚಾಲಕರಿಗಾಗಿ ನಿಗದಿತ ದಿನದ ತಪಾಸಣೆ ನಡೆಯಲಿ. ವಾಚು ಇಲ್ಲದವರಿಗಾಗಿ ಗ್ರಾಮ ಪಂಚಾಯಿತಿ ಕಚೇರಿಯಲ್ಲೋ ಹಾಲಿನ ಡೇರಿಯಲ್ಲೋ ಒಂದು ಬಿ.ಪಿ. ಮಷೀನು, ಒಂದು ತೂಕದ ಯಂತ್ರ, ಒಂದು ದಾಖಲೆ ಪುಸ್ತಕ ಇರಲಿ. ಹಾಲಿನ ಕೊಬ್ಬನ್ನು ದಿನಕ್ಕೆ ಎರಡು ಹೊತ್ತು ಅಳೆದು ಬರೆದಿಡಲು ಕಲಿತ ಊರುಗಳಿಗೆ ತಮ್ಮ ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ಬರೆದಿಡುವುದು ಕಷ್ಟವಾಗದು.

ಹಿಂದೆ ವೈದ್ಯರ ಬಳಿ ಹೋದರೆ ಅವರು ಮೊದಲು ಕೈ ಹಿಡಿದು ನಾಡಿ ನೋಡುತ್ತಿದ್ದರು. ಆ ಸ್ಪರ್ಶದಲ್ಲಿ ಅಳತೆಯೂ ಇತ್ತು, ‘ನಾನಿದ್ದೇನೆ’ ಎಂಬ ಮಾತೂ ಇತ್ತು. ಅಳತೆಯ ಅರ್ಧವನ್ನು ವಾಚು ಕೊಟ್ಟಿದೆ, ಉಳಿದರ್ಧವನ್ನು ಮನುಷ್ಯರೇ ಕೊಡಬೇಕು. ಸರ್ಕಾರ ಅದನ್ನು ಮಾಡುವವರೆಗೆ ಓದುಗರು ಕಾಯಬೇಕಿಲ್ಲ. ಮನೆಯ ಹಿರಿಯರಿಗೆ ವಾಚು ಕೊಡಿಸಿದ್ದರೆ ಈ ಭಾನುವಾರ ಅವರ ಪಕ್ಕ ಕುಳಿತು ಅದರ ಒಂದು ತಿಂಗಳ ಲೆಕ್ಕವನ್ನು ಒಟ್ಟಿಗೆ ಓದಿ. ಆಮೇಲೆ ಅವರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಒಮ್ಮೆ ಬಿ.ಪಿ., ಶುಗರ್ ನೋಡಿಸಿ.